ಸ್ಕ್ವಾಷ್ ಇರುವ ಖಾಸಗಿ ಹೈಸ್ಕೂಲು ಹುಡುಕುವಾಗ ಕೋರ್ಟಿಗಿಂತ ಮೊದಲು ನಿಮಿಷ ಎಣಿಸಿ

ಮಗಳು ಹೈಸ್ಕೂಲಿಗೆ ಸೇರಿದ ಮೊದಲನೇ ವಾರದ ಮಾತು. ಸಂಜೆ ಸ್ಕ್ವಾಷ್ ಪ್ರಾಕ್ಟೀಸ್ ಮುಗಿಸಿಕೊಂಡು ಮನೆಗೆ ಬಂದಳು. ಸ್ಕ್ವಾಷ್ ಅಂದರೆ ನಾಲ್ಕು ಗೋಡೆಯ ಕೋಣೆಯೊಳಗೆ ಇಬ್ಬರು ಸರದಿಯಂತೆ ರ‍್ಯಾಕೆಟ್‌ನಿಂದ ಗೋಡೆಗೆ ಚೆಂಡು ಹೊಡೆಯುವ ಆಟ. ಒಗೆಯಲು ಹಾಕೋಣ ಅಂತ ಬ್ಯಾಗಿನಿಂದ ಟೀ ಶರ್ಟ್ ತೆಗೆದರೆ ಅದು ಒಣಗಿಯೇ ಇತ್ತು. ಒಂದೂವರೆ ಗಂಟೆ ಸ್ಕ್ವಾಷ್ ಆಡಿದ ಮಗುವಿನ ಬಟ್ಟೆ ಹಿಂಡಿದರೆ ನೀರು ಬರಬೇಕು. "ಏನಾಯ್ತು, ಆಡಲಿಲ್ವಾ?" ಅಂತ ಕೇಳಿದೆ. "ಆಡಿದೆ ಅಮ್ಮ, ಆದ್ರೆ ಲೈನು ತುಂಬಾ ಉದ್ದ ಇತ್ತು" ಅಂದಳು.

ಆ ಶಾಲೆಯಲ್ಲಿ ಆರು ಕೋರ್ಟುಗಳಿದ್ದವು. ಹಿಂದಿನ ಗೋಡೆಗಳೆಲ್ಲ ಗಾಜಿನವು, ಮರದ ನೆಲ ಹೊಸದು, ದೀಪಗಳು ಹಗಲಿನ ಹಾಗೆ ಬೆಳಕು ಕೊಡುತ್ತಿದ್ದವು. ನಾವು ಶಾಲೆ ನೋಡಲು ಹೋದ ದಿನ ಅಲ್ಲೇ ನಿಂತು ಮನಸ್ಸು ಮಾಡಿಬಿಟ್ಟೆವು. ಎಷ್ಟು ಮಕ್ಕಳು ಆಡುತ್ತಾರೆ ಅಂತ ಕೇಳಬೇಕು ಅನ್ನೋದು ನನಗೂ ಹೊಳೆಯಲಿಲ್ಲ, ಅವಳ ಅಪ್ಪನಿಗೂ ಹೊಳೆಯಲಿಲ್ಲ. ಆಮೇಲೆ ಗೊತ್ತಾಯಿತು, ಅರವತ್ತು ಮಕ್ಕಳು. ಒಂದು ವರ್ಷ ನೋಡಿದೆವು, ಆಮೇಲೆ ಬೇರೆ ಶಾಲೆಗೆ ಸೇರಿಸಿದೆವು. ಅಲ್ಲಿದ್ದದ್ದು ಎರಡೇ ಹಳೇ ಕೋರ್ಟು. ಮೊದಲ ದಿನವೇ ಟೀ ಶರ್ಟ್ ತೊಪ್ಪೆಯಾಗಿ ಬಂತು.

ಹಾಗಾಗಿ ನಾನು ಮೊದಲು ಹೇಳೋದು ಒಂದು ಲೆಕ್ಕ. ಮಿಕ್ಕಿದ್ದೆಲ್ಲ ಆಮೇಲೆ.

ಒಂದು ಮಗುವಿಗೆ ಎಷ್ಟು ನಿಮಿಷ?

ಕೋರ್ಟುಗಳ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಯಾಕೆಂದರೆ ಒಂದು ಕೋರ್ಟಿನಲ್ಲಿ ಆಡೋದು ಇಬ್ಬರು. ಅದನ್ನು ಪ್ರಾಕ್ಟೀಸಿನ ನಿಮಿಷಗಳಿಂದ ಗುಣಿಸಿ. ಬಂದದ್ದನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ. ಆರು ಕೋರ್ಟು, 90 ನಿಮಿಷ, 60 ಮಕ್ಕಳು ಅಂದರೆ ಒಂದು ಮಗುವಿಗೆ ಸಿಗೋದು 18 ನಿಮಿಷ. ಎರಡು ಕೋರ್ಟು, ಅದೇ 90 ನಿಮಿಷ, ಎಂಟು ಮಕ್ಕಳು ಅಂದರೆ 45 ನಿಮಿಷ. ವಾರಕ್ಕೆ ಮೂರು ದಿನ ಅಂತ ಹಿಡಿದರೆ ಮೊದಲನೇ ಶಾಲೆಯಲ್ಲಿ 54 ನಿಮಿಷ, ಎರಡನೆಯದರಲ್ಲಿ ಎರಡೂಕಾಲು ಗಂಟೆ. ನಾಲ್ಕು ವರ್ಷದ ಹೈಸ್ಕೂಲಿನಲ್ಲಿ ಈ ವ್ಯತ್ಯಾಸ ಬೆಳೆದು ಬೆಳೆದು ಎಲ್ಲಿಗೆ ಹೋಗುತ್ತದೆ ಅಂತ ನೀವೇ ನೋಡಿ.

ಒಳ್ಳೆ ಕೋಚ್ ಇದ್ದರೆ ಒಂದು ಕೋರ್ಟಿನಲ್ಲಿ ಮೂವರು ನಾಲ್ವರನ್ನು ಇಟ್ಟುಕೊಂಡು ಡ್ರಿಲ್ ಮಾಡಿಸುತ್ತಾರೆ, ಹೊರಗಿರುವವರಿಗೆ ಸ್ಕಿಪ್ಪಿಂಗು, ಘೋಸ್ಟಿಂಗು ಅಂತ ಏನಾದರೂ ಕೆಲಸ ಕೊಡುತ್ತಾರೆ. ಘೋಸ್ಟಿಂಗ್ ಅಂದರೆ ಚೆಂಡಿಲ್ಲದೆ, ಚೆಂಡು ಇದೆ ಅಂದುಕೊಂಡು ಮೂಲೆ ಮೂಲೆಗೆ ಓಡಿ ಹೊಡೆದು ಮಧ್ಯದ 'ಟಿ' ಜಾಗಕ್ಕೆ ವಾಪಸ್ ಬರೋದು. ಅದಕ್ಕೆ ಕೋರ್ಟೇ ಬೇಕೆಂದಿಲ್ಲ, ಜಿಮ್ಮಿನ ನೆಲವೂ ಆಗುತ್ತದೆ. ಅದಕ್ಕೇ ಈ ಲೆಕ್ಕವೇ ಕೊನೆ ಮಾತು ಅಂತ ನಾನು ಹೇಳಲ್ಲ. ಆದರೆ ಲೆಕ್ಕ ಹಾಕಿ 20 ನಿಮಿಷಕ್ಕಿಂತ ಕಡಿಮೆ ಬಂದರೆ, "ಕಾಯುವ ಹೊತ್ತಿನಲ್ಲಿ ಮಕ್ಕಳು ಏನು ಮಾಡುತ್ತಾರೆ?" ಅಂತ ಕೇಳಲೇಬೇಕು. ಉತ್ತರ ತಡವರಿಸುತ್ತಾ ಬಂದರೆ ಅಲ್ಲಿ ಮಕ್ಕಳು ಗೋಡೆಗೆ ಒರಗಿ ಕೂತಿರುತ್ತಾರೆ ಅಂತಲೇ ಲೆಕ್ಕ.

ಈ ಆಟ ಹುಟ್ಟಿದ್ದೇ ಶಾಲೆಯಲ್ಲಿ, ಅದೂ ಕಾಯುತ್ತಾ ನಿಂತ ಮಕ್ಕಳಿಂದ ಅಂತ ಹೇಳುತ್ತಾರೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಹ್ಯಾರೋ ಶಾಲೆಯಲ್ಲಿ 'ರ‍್ಯಾಕೆಟ್ಸ್' ಅನ್ನೋ ಆಟದ ಕೋರ್ಟಿಗೆ ಸರದಿ ಬರುವ ತನಕ ಹುಡುಗರು ಹೊರಗಿನ ಗೋಡೆಗೆ ಮೆತ್ತನೆ ಚೆಂಡು ಹೊಡೆಯುತ್ತಾ ಇದನ್ನು ಕಂಡುಕೊಂಡರಂತೆ. ಅಮೆರಿಕದಲ್ಲಿ ಮೊದಲ ಕೋರ್ಟುಗಳು ಬಂದದ್ದೂ ಒಂದು ಶಾಲೆಯಲ್ಲೇ, ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸೇಂಟ್ ಪಾಲ್ಸ್ ಶಾಲೆಯಲ್ಲಿ, 1884ರಲ್ಲಿ. ಶಾಲೆಗೂ ಈ ಆಟಕ್ಕೂ ನಂಟು ಹಳೆಯದು. ಈಗ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸ್ಕ್ವಾಷ್ ಮೊದಲ ಸಲ ಇರುತ್ತದೆ. 2023ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ನಡೆದ ಒಲಿಂಪಿಕ್ ಸಮಿತಿಯ ಸಭೆಯಲ್ಲೇ ಅದು ತೀರ್ಮಾನವಾಯಿತು. ಇದು ತುಂಬಾ ಖುಷಿಯ ವಿಷಯ. ಆದರೆ ಶಾಲೆಯ ಪುಸ್ತಿಕೆಯಲ್ಲಿ ಐದು ಬಳೆಗಳ ಚಿತ್ರ ಕಂಡ ಮಾತ್ರಕ್ಕೆ ಸೇರಿಸಿಬಿಡಬೇಡಿ.

ನಿಮ್ಮ ಮಗುವಿಗೆ ಏನು ಬೇಕು ಅಂತ ಮೊದಲು ಕೂತು ಮಾತಾಡಿ

ಇದುವರೆಗೆ ರ‍್ಯಾಕೆಟ್ ಹಿಡಿಯದ ಮಗುವಿಗೆ ಬೇಕಾದ ಶಾಲೆ ಬೇರೆ, ಆಗಲೇ ಟೂರ್ನಮೆಂಟು ಆಡುತ್ತಿರುವ ಮಗುವಿಗೆ ಬೇಕಾದ ಶಾಲೆ ಬೇರೆ. ಹೊಸಬರಿಗೆ ತಮ್ಮಂಥ ಹೊಸಬರು ಜಾಸ್ತಿ ಇರುವ ಜಾಗ ಬೇಕು. ತಪ್ಪು ಹೊಡೆದರೆ ನಾಚಿಕೆ ಆಗಬಾರದು. ಟೂರ್ನಮೆಂಟು ಆಡುವ ಮಗುವಿಗೆ ತನಗಿಂತ ಸ್ವಲ್ಪ ಚೆನ್ನಾಗಿ ಆಡುವ ಇಬ್ಬರು ಮೂವರಾದರೂ ಅದೇ ಶಾಲೆಯಲ್ಲಿ ಇರಬೇಕು. ನನ್ನ ಪ್ರಕಾರ ಕೋಚ್ ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ. ದಿನಾ ಗೆಲ್ಲುತ್ತಲೇ ಇರುವ ಮಗು ಅಲ್ಲೇ ನಿಂತುಬಿಡುತ್ತದೆ, ದಿನಾ ಸೋಲುವ ಮಗು ಒಂದು ದಿನ ರ‍್ಯಾಕೆಟ್ ಮೂಲೆಗಿಟ್ಟು ಎದ್ದು ಹೋಗುತ್ತದೆ.

ಇನ್ನೊಂದು ಮಾತು. ಕೆಲವು ಮಕ್ಕಳಿಗೆ ಸ್ಕ್ವಾಷ್ ಇಷ್ಟ ಅಷ್ಟೇ. ಅದನ್ನೇ ಬದುಕು ಮಾಡಿಕೊಳ್ಳುವ ಆಸೆ ಅವರಿಗಿಲ್ಲ. ಅದು ತಪ್ಪಲ್ಲ. ಅಂಥ ಮಗುವನ್ನು ವಾರಕ್ಕೆ ಆರು ದಿನ ಬೆಳಗಿನ ಜಾವ ಎಬ್ಬಿಸುವ ಶಾಲೆಗೆ ಹಾಕಿದರೆ ಇದ್ದ ಇಷ್ಟವೂ ಹೋಗುತ್ತದೆ. ಮಗುವನ್ನೇ ಕೇಳಿ. ಊಟದ ಹೊತ್ತಿನಲ್ಲಿ ಸುಮ್ನೆ ಮಾತಿಗೆ ಅಂತ ಕೇಳಿ, ಗಂಭೀರವಾಗಿ ಎದುರಿಗೆ ಕೂರಿಸಿಕೊಂಡು ಕೇಳಿದರೆ ನಿಮಗೆ ಬೇಕಾದ ಉತ್ತರವನ್ನೇ ಕೊಡುತ್ತದೆ.

ಟೇಪು ತಗೊಂಡು ಹೋಗಿ

ನಿಜವಾಗಲೂ ತಗೊಂಡು ಹೋಗಿ. ಸ್ಕ್ವಾಷ್ ಸಿಂಗಲ್ಸ್ ಕೋರ್ಟಿನ ಅಳತೆ ಎಲ್ಲ ಕಡೆ ಒಂದೇ. ಉದ್ದ 9.75 ಮೀಟರ್, ಅಗಲ 6.4 ಮೀಟರ್. ಮೂಲೆಯಿಂದ ಮೂಲೆಗೆ ಅಡ್ಡ ಅಳೆದರೆ ಸುಮಾರು 11.66 ಮೀಟರ್ ಬರಬೇಕು. ಮುಂದಿನ ಗೋಡೆಯ ಮೇಲಿನ ಔಟ್ ಗೆರೆ 4.57 ಮೀಟರ್ ಎತ್ತರದಲ್ಲಿ, ಹಿಂದಿನ ಗೋಡೆಯದು 2.13 ಮೀಟರ್, ಮುಂದಿನ ಗೋಡೆಯ ಸರ್ವಿಸ್ ಗೆರೆ 1.78 ಮೀಟರ್. ಮುಂದಿನ ಗೋಡೆಯ ಕೆಳಗಿನ ಟಿನ್, ಅಂದರೆ ಚೆಂಡು ತಾಗಿದರೆ ಔಟ್ ಆಗುವ ಪಟ್ಟಿ, 48 ಸೆಂಟಿಮೀಟರ್.

ಹಳೇ ಕಾಲದ ಕೆಲವು ಕೋರ್ಟುಗಳು ಕಿರಿದಾಗಿರುತ್ತವೆ. ಅಮೆರಿಕದಲ್ಲಿ ಮೊದಲು ಗಟ್ಟಿ ಚೆಂಡಿನ ಸ್ಕ್ವಾಷ್ ಆಡುತ್ತಿದ್ದರು, ಆ ಕೋರ್ಟಿನ ಅಗಲ ಹದಿನೆಂಟೂವರೆ ಅಡಿ ಮಾತ್ರ, ಅಂದರೆ ಈಗಿನದಕ್ಕಿಂತ ಮುಕ್ಕಾಲು ಮೀಟರ್ ಕಡಿಮೆ. ಇನ್ನು ಕೆಲವು ಕಡೆ ಯಾವುದೋ ಖಾಲಿ ಕೋಣೆಗೆ ಗೆರೆ ಎಳೆದು ಸ್ಕ್ವಾಷ್ ಕೋರ್ಟ್ ಅಂತ ಕರೆಯುತ್ತಾರೆ. ಮುಕ್ಕಾಲು ಮೀಟರ್ ತಾನೇ ಅಂತ ಬಿಡಬೇಡಿ. ಕಿರಿದಾದ ಕೋರ್ಟಿನಲ್ಲಿ ಬೆಳೆದ ಮಗು ಸರಿಯಾದ ಕೋರ್ಟಿಗೆ ಹೋದಾಗ ಒಂದು ಹೆಜ್ಜೆ ಹಿಂದೆ ಬೀಳುತ್ತದೆ. ಕೈ ಚಾಚಿದರೆ ಸಿಗುತ್ತಿದ್ದ ಚೆಂಡು ಸಿಗಲ್ಲ, ಒಂದು ಬದಿಯಿಂದ ಇನ್ನೊಂದು ಬದಿಗೆ ಕಳಿಸುವ ಕ್ರಾಸ್ ಕೋರ್ಟ್ ಹೊಡೆತದ ಕೋನವೇ ತಪ್ಪುತ್ತದೆ.

ಅಳತೆ ಸರಿ ಇದ್ದರೆ ಬೂಟು ಹಾಕಿಕೊಂಡು ಒಳಗೆ ಹೋಗಿ. ನೆಲಕ್ಕೆ ಕಲೆ ಮಾಡದ ಅಡಿಯಿರುವ ಬೂಟು ಆಗಿರಲಿ, ಇಲ್ಲದಿದ್ದರೆ ಒಳಗೆ ಬಿಡಲ್ಲ, ಬಿಡಬಾರದು ಕೂಡ. ನೆಲ ಮರದ್ದಾಗಿರಬೇಕು, ಕಾಲಿಟ್ಟಾಗ ಸ್ವಲ್ಪ ಒತ್ತು ತಡೆದುಕೊಳ್ಳುವ ಹಾಗಿರಬೇಕು. ಕಾಂಕ್ರೀಟಿನ ಮೇಲೆ ನೇರವಾಗಿ ಏನೋ ಅಂಟಿಸಿದ ನೆಲದಲ್ಲಿ ದಿನಾ ಲಂಜ್ ಮಾಡಿದರೆ, ಅಂದರೆ ಒಂದು ಕಾಲು ಮುಂದೆ ಚಾಚಿ ಮಂಡಿ ಬಗ್ಗಿಸಿದರೆ, ಮಂಡಿ ಹಾಳಾಗುತ್ತದೆ. ಅಂಗೈಯಿಂದ ನೆಲ ಸವರಿ. ಧೂಳು ಬಂದರೆ ಜಾರುತ್ತದೆ. ತೇವ ಬಂದರೆ ಇನ್ನೂ ಅಪಾಯ. ಮಳೆಗಾಲದಲ್ಲೋ ಚಳಿಗಾಲದಲ್ಲೋ ಗೋಡೆ ಬೆವರಿ ಪ್ರಾಕ್ಟೀಸ್ ನಿಲ್ಲಿಸಬೇಕಾಗುವ ಕೋರ್ಟುಗಳಿವೆ, ಗಾಳಿಯಾಡುವ ವ್ಯವಸ್ಥೆ ಏನಿದೆ ಅಂತ ಕೇಳಿ.

ಚೆಂಡಿನ ಬಗ್ಗೆಯೂ ನೋಡಿ, ಇದು ಸಣ್ಣ ವಿಷಯದ ಹಾಗೆ ಕಂಡರೂ ನನಗೆ ತುಂಬಾ ಹೇಳುತ್ತದೆ. ದೊಡ್ಡವರ ಪಂದ್ಯಗಳಲ್ಲಿ ಆಡೋದು ಎರಡು ಹಳದಿ ಚುಕ್ಕೆಯ ಚೆಂಡು. ಅದು ಬಿಸಿಯಾಗದೆ ಪುಟಿಯೋದೇ ಇಲ್ಲ, ಬಿಸಿ ಮಾಡಲು ಜೋರಾಗಿ, ಬಿಡದೆ ಹೊಡೆಯಬೇಕು. ಹೊಸ ಮಕ್ಕಳಿಗೆ ಅದು ಆಗಲ್ಲ. ಅವರಿಗೆಂದೇ ನೀಲಿ ಚುಕ್ಕೆ, ಕೆಂಪು ಚುಕ್ಕೆಯ ಚೆಂಡುಗಳಿವೆ, ಸ್ವಲ್ಪ ದೊಡ್ಡವು, ಜಾಸ್ತಿ ಪುಟಿಯುತ್ತವೆ. ಆಮೇಲೆ ಒಂದು ಹಳದಿ ಚುಕ್ಕೆ, ಕೊನೆಗೆ ಎರಡು. ಶಾಲೆಯ ಬುಟ್ಟಿಯಲ್ಲಿ ಬರೀ ಎರಡು ಹಳದಿ ಚುಕ್ಕೆಯ ಸವೆದ ಚೆಂಡುಗಳಿದ್ದರೆ ಅಲ್ಲಿ ಹೊಸಬರ ಬಗ್ಗೆ ಯಾರೂ ಯೋಚಿಸಿಲ್ಲ ಅಂತ ಅರ್ಥ.

ಗಾಜಿನ ಹಿಂಗೋಡೆ ಇದ್ದರೆ ಒಳ್ಳೆಯದು. ಅಂದಕ್ಕಲ್ಲ. ಹೊರಗಿನಿಂದ ಒಳಗೆ ಏನು ನಡೆಯುತ್ತಿದೆ ಅಂತ ಕಾಣುತ್ತದೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಕೊನೆಗೆ ಒಂದು ಪ್ರಶ್ನೆ: ವರ್ಷದಲ್ಲಿ ಎಷ್ಟು ವಾರ ಈ ಕೋರ್ಟುಗಳು ಮುಚ್ಚಿರುತ್ತವೆ? ನಮ್ಮ ಮೊದಲನೇ ಶಾಲೆಯಲ್ಲಿ ಪರೀಕ್ಷೆ ಬಂತೆಂದರೆ ಎರಡು ಕೋರ್ಟುಗಳಲ್ಲಿ ಬೆಂಚು ತುಂಬಿಸಿಡುತ್ತಿದ್ದರು. ಆ ದಿನಗಳಲ್ಲಿ ಲೈನು ಇನ್ನೂ ಉದ್ದ.

ಕೋಚ್

ಕೋಚ್ ಯಾವ ಯಾವ ಪಂದ್ಯ ಗೆದ್ದಿದ್ದಾರೆ ಅಂತ ಗೋಡೆಯ ಮೇಲೆ ಬರೆದಿರುತ್ತಾರೆ. ಅದು ನನಗೆ ಅಷ್ಟು ಮುಖ್ಯ ಅಲ್ಲ. ಚೆನ್ನಾಗಿ ಆಡಿದವರೆಲ್ಲ ಚೆನ್ನಾಗಿ ಕಲಿಸುತ್ತಾರೆ ಅಂತೇನಿಲ್ಲ. ತರಬೇತಿ ಕೊಡೋದಕ್ಕೇ ಅಂತ ಬೇರೆ ಕೋರ್ಸುಗಳಿವೆ, ಹಂತ ಹಂತವಾಗಿ ಪ್ರಮಾಣಪತ್ರ ಕೊಡುತ್ತಾರೆ, ಅದು ಇದೆಯಾ ಅಂತ ಕೇಳಿ. ಅದಕ್ಕಿಂತ ಮುಖ್ಯವಾಗಿ, ಕೋಚ್ ಶಾಲೆಯ ಪೂರ್ತಿ ಕೆಲಸದವರೋ ಅಥವಾ ವಾರಕ್ಕೆ ಎರಡು ಸಲ ಬಂದು ಹೋಗುವವರೋ ಅಂತ ತಿಳಿದುಕೊಳ್ಳಿ. ಐದು ವರ್ಷದಲ್ಲಿ ಎಷ್ಟು ಜನ ಕೋಚ್ ಬದಲಾದರು ಅಂತಲೂ ಕೇಳಿ. ಹದಿನಾಲ್ಕು ಹದಿನೈದರ ಮಗುವಿಗೆ ವರ್ಷಕ್ಕೊಬ್ಬ ಕೋಚ್ ಅಂದರೆ, ಒಬ್ಬರು ಹಿಡಿತ ತಿದ್ದಿದರೆ ಇನ್ನೊಬ್ಬರು ಬಂದು ಅದನ್ನೇ ಬಿಡಿಸುತ್ತಾರೆ, ಮಗು ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ.

ಪ್ರಾಕ್ಟೀಸ್ ನೋಡುವಾಗ ಕಣ್ಣು ಚೆಂಡಿನ ಮೇಲಲ್ಲ, ಕೋಚ್ ಮೇಲೆ ಇರಲಿ. ಅವರು ಅತಿ ದುರ್ಬಲ ಆಟಗಾರನ ಹತ್ತಿರ ಎಷ್ಟು ಹೊತ್ತು ನಿಲ್ಲುತ್ತಾರೆ? ತಪ್ಪು ತೋರಿಸುವಾಗ ಒಂದು ಸಲಕ್ಕೆ ಒಂದೇ ಮಾತು ಹೇಳುತ್ತಾರೋ, ಒಟ್ಟಿಗೆ ಐದು ಹೇಳುತ್ತಾರೋ? ಮೊದಲ ಇಬ್ಬರು ಮೂವರ ಹೆಸರು ಮಾತ್ರ ಕೂಗುತ್ತಾರೋ, ಎಲ್ಲರ ಹೆಸರೂ ಗೊತ್ತೋ? ನಮ್ಮ ಎರಡನೇ ಶಾಲೆಯ ಕೋಚ್ ನಾವು ನೋಡಲು ಹೋದ ದಿನ ಒಬ್ಬ ಸಣ್ಣ ಹುಡುಗನಿಗೆ ಹೊಡೆದ ಮೇಲೆ 'ಟಿ'ಗೆ ವಾಪಸ್ ಬರೋದನ್ನು ಮಾತ್ರ ಇಪ್ಪತ್ತು ನಿಮಿಷ ಹೇಳಿಕೊಟ್ಟರು. ಚೆಂಡು ಎಲ್ಲಿ ಹೋಯಿತು ಅಂತ ಕೇಳಲೇ ಇಲ್ಲ. ಆ ಹುಡುಗ ಕೊನೆಗೆ ನಗುತ್ತಾ ಹೊರಗೆ ಬಂದ. ನಾನು ಅಲ್ಲೇ ಮನಸ್ಸು ಮಾಡಿದೆ, ಈ ಸಲ ಸರಿಯಾದ ಕಾರಣಕ್ಕೆ.

ಮಕ್ಕಳಿಗೆ ರೆಫರಿ ಕೆಲಸ ಕಲಿಸುತ್ತಾರಾ ಅಂತಲೂ ಕೇಳಿ. ಜೂನಿಯರ್ ಟೂರ್ನಮೆಂಟುಗಳಲ್ಲಿ ಆಡಿ ಮುಗಿಸಿದ ಮಕ್ಕಳೇ ಮುಂದಿನ ಪಂದ್ಯಕ್ಕೆ ರೆಫರಿಯಾಗಿ ಕೂರೋದು ಸಾಮಾನ್ಯ. ಇಬ್ಬರೂ ಒಂದೇ ಜಾಗದಲ್ಲಿ ಓಡಾಡುವ ಆಟ ಇದು, ಅಡ್ಡ ಬಂದಾಗ ಲೆಟ್ (ಆ ಪಾಯಿಂಟು ಮತ್ತೆ ಆಡೋದು) ಕೊಡಬೇಕೋ, ಸ್ಟ್ರೋಕ್ (ಅಡ್ಡಿಯಾದವರಿಗೆ ಪಾಯಿಂಟು) ಕೊಡಬೇಕೋ, ಏನೂ ಕೊಡಬಾರದೋ ಅಂತ ಗೊತ್ತಿಲ್ಲದ ಮಗು 11 ಪಾಯಿಂಟಿನ ಗೇಮಿನಲ್ಲಿ ಮೂರು ನಾಲ್ಕು ಪಾಯಿಂಟು ಜಗಳದಲ್ಲೇ ಕಳೆದುಕೊಳ್ಳುತ್ತದೆ.

ತಂಡದಲ್ಲಿ ಜಾಗ ಯಾರಿಗೆ?

ಶಾಲೆಯ ತಂಡ ಅಂದರೆ ಕೆಲವೇ ಜನ. ಅಮೆರಿಕದ ಹೈಸ್ಕೂಲು ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಒಂದು ತಂಡಕ್ಕೆ ಏಳು ಜನ, ಕಾಲೇಜು ಪಂದ್ಯಗಳಲ್ಲಿ ಒಂಬತ್ತು. ಬೇರೆ ಕಡೆ ಇನ್ನೂ ಕಡಿಮೆ ಇರಬಹುದು. ಹಾಗಾದರೆ ಹದಿನೈದನೇ ಸ್ಥಾನದಲ್ಲಿರುವ ಮಗು ಯಾವಾಗ ಪಂದ್ಯ ಆಡುತ್ತದೆ? ಎರಡನೇ ತಂಡ ಇದೆಯಾ, ಅವರಿಗೂ ಬೇರೆ ಶಾಲೆಗಳ ಜೊತೆ ಪಂದ್ಯ ಇಡುತ್ತಾರಾ? ಸ್ಥಾನ ಹೇಗೆ ನಿರ್ಧಾರವಾಗುತ್ತದೆ? ಒಳ್ಳೆ ಕಡೆ ಒಂದು ಏಣಿ ಪಟ್ಟಿ ಇರುತ್ತದೆ, ಲ್ಯಾಡರ್ ಅಂತಾರೆ, ಅದನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಅಂಟಿಸಿರುತ್ತಾರೆ. ಕೆಳಗಿನವರು ಮೇಲಿನವರಿಗೆ ಸವಾಲು ಹಾಕಿ ಆಡಿ ಮೇಲೆ ಹತ್ತಬಹುದು. ಪಟ್ಟಿ ಕೋಚ್ ತಲೆಯೊಳಗೆ ಮಾತ್ರ ಇದ್ದರೆ ಮಕ್ಕಳಿಗೂ ಕಷ್ಟ, ಕೋಚ್‌ಗೂ ಕಷ್ಟ.

ಹೆಣ್ಣು ಮಕ್ಕಳಿದ್ದವರು ಇದನ್ನು ತಪ್ಪದೆ ಕೇಳಿ. ಹುಡುಗಿಯರಿಗೆ ಬೇರೆ ತಂಡ ಇದೆಯಾ? ಕೋರ್ಟಿನ ಒಳ್ಳೆ ಸಮಯ ಯಾರಿಗೆ ಕೊಡುತ್ತಾರೆ? ಹುಡುಗರು ಶಾಲೆ ಬಿಟ್ಟ ಕೂಡಲೇ ಆಡಿ, ಹುಡುಗಿಯರು ಕತ್ತಲಾದ ಮೇಲೆ ಆಡೋದು ಅಂತ ಇದ್ದರೆ, ಒಂದೆರಡು ವರ್ಷದಲ್ಲಿ ಹುಡುಗಿಯರ ತಂಡವೇ ಕರಗಿರುತ್ತದೆ. ನನ್ನ ಮಗಳ ಜೊತೆ ಶುರು ಮಾಡಿದ ಹನ್ನೊಂದು ಹುಡುಗಿಯರಲ್ಲಿ ಮೊದಲನೇ ಶಾಲೆಯಲ್ಲಿ ವರ್ಷದ ಕೊನೆಗೆ ಉಳಿದವರು ನಾಲ್ವರು. ಯಾರಿಗೂ ಆಟ ಬೇಸರ ಆಗಿರಲಿಲ್ಲ, ಮನೆಗೆ ಹೋಗುವ ಹೊತ್ತು ಬೇಸರ ತಂದಿತ್ತು.

ಕಣ್ಣು, ಮಂಡಿ, ಮುಚ್ಚಿದ ಬಾಗಿಲು

ಕಣ್ಣಿನ ವಿಷಯದಲ್ಲಿ ನಾನು ಯಾರ ಜೊತೆಯೂ ರಾಜಿ ಮಾಡಿಕೊಳ್ಳಲ್ಲ. ಸ್ಕ್ವಾಷ್ ಚೆಂಡು 40 ಮಿಲಿಮೀಟರ್ ಅಗಲ. ಕಣ್ಣಿನ ಗುಳಿಗೆ ಸರಿಯಾಗಿ ಕೂರುವಷ್ಟು. ದೊಡ್ಡ ಚೆಂಡಾದರೆ ಸುತ್ತಲಿನ ಮೂಳೆ ಪೆಟ್ಟನ್ನು ತಡೆಯುತ್ತದೆ, ಇದು ನೇರ ಕಣ್ಣಿಗೇ ಬೀಳುತ್ತದೆ. ಜೊತೆಗೆ ಪಕ್ಕದವನ ರ‍್ಯಾಕೆಟ್ ಬೇರೆ. ಪಾಲಿಕಾರ್ಬೊನೇಟ್ ಅನ್ನೋ ಗಟ್ಟಿ ಪ್ಲಾಸ್ಟಿಕ್ಕಿನ ರಕ್ಷಣಾ ಕನ್ನಡಕ ಹಾಕಿಕೊಂಡೇ ಒಳಗೆ ಹೋಗಬೇಕು. ವಿಶ್ವ ಸ್ಕ್ವಾಷ್ ಫೆಡರೇಷನ್ ತನ್ನ ಜೂನಿಯರ್ ಪಂದ್ಯಗಳಲ್ಲಿ ಇದನ್ನು ಕಡ್ಡಾಯ ಮಾಡಿದೆ. ಓದುವ ಕನ್ನಡಕ ಇದಕ್ಕೆ ಆಗಲ್ಲ, ಒಡೆದರೆ ಇನ್ನೂ ಅಪಾಯ. ಶಾಲೆಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಒಬ್ಬ ಹುಡುಗ ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಆಡುತ್ತಿದ್ದು ಕೋಚ್ ಏನೂ ಹೇಳದಿದ್ದರೆ, ಆ ಶಾಲೆಯನ್ನು ಪಟ್ಟಿಯಿಂದ ತೆಗೆದುಬಿಡಿ. ಎಷ್ಟೇ ಕೋರ್ಟಿರಲಿ.

ಮಂಡಿಯ ಮಾತು. ಹೈಸ್ಕೂಲಿನ ವಯಸ್ಸಿನಲ್ಲಿ ಮಕ್ಕಳು ಒಮ್ಮೆಲೇ ಎತ್ತರ ಬೆಳೆಯುತ್ತಾರೆ. ಮೂಳೆ ಬೆಳೆದಷ್ಟು ಬೇಗ ಸ್ನಾಯು ಹಿಗ್ಗಲ್ಲ. ಮಂಡಿಯ ಕೆಳಗೆ, ಮುಂದಿನ ಮೂಳೆಯ ಮೇಲೆ ಗಂಟಿನ ಹಾಗೆ ಊದಿ ನೋವು ಬರುತ್ತದೆ, ಆಸ್ಗುಡ್ ಶ್ಲಾಟರ್ ಅಂತ ಅದಕ್ಕೆ ಹೆಸರು. ಓಡಿ ಚಾಚಿ ಬಗ್ಗುವ ಆಟಗಳಲ್ಲಿ ಇದು ಜಾಸ್ತಿ ಕಾಣುತ್ತದೆ. "ನೋವು ಅಂತ ಮಗು ಹೇಳಿದರೆ ಏನು ಮಾಡುತ್ತೀರಿ?" ಅಂತ ಕೋಚ್‌ಗೆ ಕೇಳಿ. "ಆಡ್ತಾ ಆಡ್ತಾ ಸರಿ ಹೋಗುತ್ತೆ" ಅನ್ನುವವರ ಹತ್ತಿರ ಮಗುವನ್ನು ಬಿಡಬೇಡಿ. ಮಕ್ಕಳ ಕ್ರೀಡಾ ವೈದ್ಯರು ಹೇಳುವ ಒಂದು ಸುಲಭ ಲೆಕ್ಕ ಇದೆ: ವಾರಕ್ಕೆ ಎಷ್ಟು ಗಂಟೆ ತರಬೇತಿ ಅನ್ನೋದು ಮಗುವಿನ ವಯಸ್ಸನ್ನು ಮೀರಬಾರದು. 14 ವರ್ಷದ ಮಗುವಿಗೆ ಎಲ್ಲ ಆಟವೂ ಸೇರಿ 14 ಗಂಟೆ ಸಾಕು. ಶಾಲೆ, ಕ್ಲಬ್ಬು, ವಾರದ ಕೊನೆಯ ಟೂರ್ನಮೆಂಟು ಎಲ್ಲ ಕೂಡಿಸಿ ನೋಡಿ, ಎಷ್ಟು ಬೇಗ ಈ ಗೆರೆ ದಾಟುತ್ತದೆ ಅಂತ ಗೊತ್ತಾಗುತ್ತದೆ.

ಇನ್ನು ಹೇಳಲು ಕಷ್ಟವಾದರೂ ಹೇಳಬೇಕಾದ ಮಾತು. ಸ್ಕ್ವಾಷ್ ಕೋರ್ಟು ನಾಲ್ಕು ಗೋಡೆಯ ಮುಚ್ಚಿದ ಕೋಣೆ. ಒಬ್ಬ ಮಗು, ಒಬ್ಬ ಕೋಚ್, ಬಾಗಿಲು ಹಾಕಿದೆ. ಗಾಜಿನ ಗೋಡೆ ಒಳ್ಳೆಯದು ಅಂದದ್ದು ಇದಕ್ಕೇ. ಒಬ್ಬೊಬ್ಬರೇ ತರಬೇತಿ ಪಡೆಯುವಾಗ ಹತ್ತಿರದಲ್ಲಿ ಇನ್ನೊಬ್ಬ ದೊಡ್ಡವರು ಇರುತ್ತಾರಾ? ಕೆಲಸಕ್ಕೆ ಸೇರಿಸುವ ಮೊದಲು ಕೋಚ್‌ಗಳ ಹಿನ್ನೆಲೆ ವಿಚಾರಿಸುತ್ತಾರಾ? ಟೂರ್ನಮೆಂಟಿಗೆ ಹೊರಗೆ ಹೋದಾಗ ಯಾರು ಜೊತೆಗೆ ಹೋಗುತ್ತಾರೆ, ಕೋಣೆ ಹೇಗೆ ಹಂಚುತ್ತಾರೆ, ಹುಡುಗಿಯರ ಜೊತೆ ಮಹಿಳೆಯರು ಇರುತ್ತಾರಾ? ಒಳ್ಳೆ ಶಾಲೆಯವರಿಗೆ ಈ ಪ್ರಶ್ನೆಯಿಂದ ಬೇಜಾರಾಗಲ್ಲ. ಅವರ ಹತ್ತಿರ ಬರೆದಿಟ್ಟ ನಿಯಮ ಇರುತ್ತದೆ, ತೆಗೆದು ಕೊಡುತ್ತಾರೆ.

ಓದು

ಶಾಲೆ ಅಂದ ಮೇಲೆ ಓದು ಮೊದಲು, ಅಲ್ವಾ? ಸ್ಕ್ವಾಷ್ ತೆಗೆದುಹಾಕಿದರೂ ಈ ಶಾಲೆ ನಿಮಗೆ ಇಷ್ಟವಾಗುತ್ತದಾ ಅಂತ ಕೇಳಿಕೊಳ್ಳಿ. ಪಾದಕ್ಕೆ ಪೆಟ್ಟಾಗಿ ಆರು ತಿಂಗಳು ಆಡಲು ಆಗದೆ ಹೋದರೆ ಮಗು ಅಲ್ಲಿ ಖುಷಿಯಾಗಿ ಇರಬಲ್ಲದಾ? ಉತ್ತರ 'ಇಲ್ಲ' ಅಂತಾದರೆ ಮುಂದೆ ಹೋಗಬೇಡಿ. ಟೂರ್ನಮೆಂಟಿಗೆ ಹೋಗಿ ತಪ್ಪಿದ ಪಾಠ, ತಪ್ಪಿದ ಕಿರು ಪರೀಕ್ಷೆ ಏನಾಗುತ್ತದೆ ಅಂತ ಕ್ರೀಡಾ ವಿಭಾಗದವರಿಗೆ ಕೇಳಬೇಡಿ, ಗಣಿತದ ಮೇಷ್ಟ್ರಿಗೆ ಕೇಳಿ. ಇಬ್ಬರ ಉತ್ತರವೂ ಒಂದೇ ಆಗಿದ್ದರೆ ನಿಶ್ಚಿಂತೆ.

ಕಾಲೇಜಿನ ಆಸೆ, ವಿದ್ಯಾರ್ಥಿವೇತನದ ಮಾತು

ಸ್ಕ್ವಾಷ್ ಆಡಿದರೆ ಅಮೆರಿಕದ ದೊಡ್ಡ ಕಾಲೇಜುಗಳಲ್ಲಿ ಸೀಟು ಸಿಗುತ್ತದೆ ಅಂತ ಕೆಲವು ಶಾಲೆಗಳು ಆಸೆ ತೋರಿಸುತ್ತವೆ. ಇದರಲ್ಲಿ ನಿಜವೂ ಇದೆ. ಅಲ್ಲಿನ ಕಾಲೇಜು ಸ್ಕ್ವಾಷ್ ತುಂಬಾ ಗಟ್ಟಿ, ಟ್ರಿನಿಟಿ ಕಾಲೇಜಿನ ಪುರುಷರ ತಂಡ 1998ರಿಂದ 2012ರ ತನಕ ಸತತವಾಗಿ 252 ಪಂದ್ಯ ಗೆದ್ದಿತ್ತು, ಅಲ್ಲಿ ಆಡುವವರು ಜಗತ್ತಿನ ಎಲ್ಲ ಕಡೆಯಿಂದ ಬರುತ್ತಾರೆ. ಹಾಗಾಗಿ ಪೈಪೋಟಿಯೂ ಜಗತ್ತಿನ ಎಲ್ಲ ಕಡೆಯವರ ಜೊತೆ. ಇನ್ನೊಂದು ವಿಷಯ ಜನರಿಗೆ ಗೊತ್ತಿರಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಇರುವ ಐವಿ ಲೀಗ್ ಅನ್ನೋ ವಿಶ್ವವಿದ್ಯಾಲಯಗಳ ಗುಂಪು ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡೋದೇ ಇಲ್ಲ. ಮನೆಯ ಆದಾಯ ನೋಡಿ ನೆರವು ಕೊಡುತ್ತಾರೆ. ಶಾಲೆಯವರು "ನಮ್ಮ ಮಕ್ಕಳು ಅಲ್ಲಿಗೆ ಹೋಗಿದ್ದಾರೆ" ಅಂದರೆ, ಎಷ್ಟು ಜನ, ಯಾವ ವರ್ಷ, ಅವರು ಈ ಶಾಲೆಗೆ ಬರುವ ಮೊದಲೇ ರ‍್ಯಾಂಕಿಂಗ್‌ನಲ್ಲಿ ಇದ್ದರಾ ಅಂತ ಕೇಳಿ. ಆಗಲೇ ಗೆಲ್ಲುತ್ತಿದ್ದ ಮಗುವನ್ನು ಸೇರಿಸಿಕೊಳ್ಳೋದು ಬೇರೆ, ಮಗುವನ್ನು ಬೆಳೆಸೋದು ಬೇರೆ.

ಹೈಸ್ಕೂಲೇ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತೇವೆ ಅಂದರೆ ಷರತ್ತನ್ನು ಬರವಣಿಗೆಯಲ್ಲಿ ತಗೊಳ್ಳಿ. ಪೆಟ್ಟಾದರೆ ರಿಯಾಯಿತಿ ಹೋಗುತ್ತದಾ? ತಂಡದಿಂದ ಹೊರಬಿದ್ದರೆ? ಮಗು ಆಟ ಬಿಡುತ್ತೇನೆ ಅಂದರೆ? ಈ ಮೂರಕ್ಕೂ ಉತ್ತರ ಕಾಗದದ ಮೇಲೆ ಇರಬೇಕು. ಜೊತೆಗೆ ಶುಲ್ಕದಲ್ಲಿ ಸೇರದ ಖರ್ಚುಗಳನ್ನೂ ಪಟ್ಟಿ ಮಾಡಿಸಿ. ರ‍್ಯಾಕೆಟ್, ತಂತಿ ಬದಲಿಸೋದು, ಬೂಟು, ಟೂರ್ನಮೆಂಟಿನ ಪ್ರವೇಶ ಶುಲ್ಕ, ಪ್ರಯಾಣ, ಬೇರೆಯಾಗಿ ತಗೊಳ್ಳುವ ತರಬೇತಿ. ಬೆಳೆಯುವ ಮಗುವಿಗೆ ಬೂಟು ವರ್ಷಕ್ಕೆ ಒಂದು ಜೊತೆಯಲ್ಲಿ ಮುಗಿಯಲ್ಲ.

ಕೋರ್ಟೇ ಇಲ್ಲದ ಶಾಲೆ

ಶಾಲೆಯಲ್ಲಿ ಕೋರ್ಟಿಲ್ಲ, ಹತ್ತಿರದ ಕ್ಲಬ್ಬಿನಲ್ಲಿ ಆಡಿಸುತ್ತೇವೆ ಅನ್ನುವ ಶಾಲೆಗಳನ್ನು ಕೂಡಲೇ ತಳ್ಳಿಹಾಕಬೇಡಿ. ಕ್ಲಬ್ಬಿನಲ್ಲಿ ದೊಡ್ಡವರು ಆಡುತ್ತಾರೆ, ಬೇರೆ ಬೇರೆ ಶೈಲಿಯವರು ಸಿಗುತ್ತಾರೆ, ಅಲ್ಲಿನ ಕೋಚ್ ಸಾಮಾನ್ಯವಾಗಿ ಪೂರ್ತಿ ಹೊತ್ತು ಇರುತ್ತಾರೆ. ನೋಡಬೇಕಾದ್ದು ಬಸ್ಸು. ಹೋಗಿ ಬರೋದಕ್ಕೆ ಒಂದು ಗಂಟೆ ಅಂದರೆ, ಆ ಗಂಟೆಯನ್ನೂ ಗಮನದಲ್ಲಿಟ್ಟುಕೊಂಡು ನಿಮ್ಮ ನಿಮಿಷದ ಲೆಕ್ಕ ಹಾಕಿ. ಹಾಸ್ಟೆಲ್ಲಿನ ಶಾಲೆಯಲ್ಲಿ ಇದಕ್ಕೆ ಉಲ್ಟಾ ಅನುಕೂಲ ಇದೆ. ಸಂಜೆ ಊಟಕ್ಕೆ ಮೊದಲು ಅರ್ಧ ಗಂಟೆ ಒಬ್ಬಳೇ ಹೋಗಿ ಗೋಡೆಗೆ ಚೆಂಡು ಹೊಡೆಯಬಹುದಾ, ಕೋರ್ಟಿನ ಬೀಗ ಯಾರ ಹತ್ತಿರ ಇರುತ್ತದೆ, ನೋಡಿಕೊಳ್ಳಲು ಯಾರಾದರೂ ಇರುತ್ತಾರಾ ಅಂತ ಕೇಳಿ. ಒಬ್ಬರೇ ಆಡಿ ಕಲಿಯಬಹುದಾದ ಕೆಲವೇ ಆಟಗಳಲ್ಲಿ ಇದೂ ಒಂದು. ಗೋಡೆ ಚೆಂಡನ್ನು ಯಾವಾಗಲೂ ವಾಪಸ್ ಕೊಡುತ್ತದೆ.

ನೋಡಲು ಯಾವಾಗ ಹೋಗಬೇಕು

ಪೋಷಕರಿಗೆಂದೇ ಇಡುವ ದಿನ ಹೋಗಿ ಬನ್ನಿ, ಆದರೆ ಅದನ್ನು ನಂಬಿ ತೀರ್ಮಾನ ಮಾಡಬೇಡಿ. ಆ ದಿನ ಅತ್ಯುತ್ತಮ ಆಟಗಾರರು ಮಾತ್ರ ಕೋರ್ಟಿನಲ್ಲಿ ಇರುತ್ತಾರೆ. ಮತ್ತೊಂದು ದಿನ, ವಾರದ ಮಧ್ಯದ ಯಾವುದೋ ಸಾಮಾನ್ಯ ದಿನ, ಪೂರ್ತಿ ಪ್ರಾಕ್ಟೀಸ್ ನೋಡಲು ಅನುಮತಿ ಕೇಳಿ. ಒಂದೇ ಮಗುವನ್ನು ಆರಿಸಿಕೊಳ್ಳಿ, ಮಧ್ಯಮವಾಗಿ ಆಡುವ ಮಗು. ಗಡಿಯಾರ ನೋಡಿಕೊಂಡು ಆ ಮಗು ಎಷ್ಟು ನಿಮಿಷ ಕೋರ್ಟಿನ ಒಳಗಿತ್ತು ಅಂತ ಬರೆದುಕೊಳ್ಳಿ. ಆಮೇಲೆ ಶಾಲೆಯವರು ಹೇಳಿದ ಲೆಕ್ಕಕ್ಕೆ ಹೋಲಿಸಿ. ನಾವು ಎರಡನೇ ಸಲ ನೋಡಿದ ಮೂರು ಶಾಲೆಗಳಲ್ಲಿ ಎರಡು ಕಡೆ ಈ ಎರಡು ಅಂಕಿಗಳು ಒಂದಕ್ಕೊಂದು ಹತ್ತಿರವೂ ಇರಲಿಲ್ಲ.

ನಿಮ್ಮ ಮಗುವಿಗೂ ಒಂದು ದಿನ ಅವರ ಜೊತೆ ಆಡಲು ಬಿಡಿ ಅಂತ ಕೇಳಿ. ನೀವು ಗಾಜಿನ ಹಿಂದೆ ನಿಲ್ಲಬೇಡಿ, ಹೊರಗೆ ಕಾಯಿರಿ. ಅಲ್ಲಿ ಕಾಯುವ ಬೇರೆ ಪೋಷಕರ ಜೊತೆ ಮಾತಾಡಿ, ಅವರು ಹೇಳುವಷ್ಟು ಯಾವ ಪುಸ್ತಿಕೆಯೂ ಹೇಳಲ್ಲ. ಅದರಲ್ಲೂ ಕೆಳಗಿನ ತಂಡದ ಮಕ್ಕಳ ಪೋಷಕರ ಹತ್ತಿರ ಮಾತಾಡಿ. ಮಗು ಹೊರಗೆ ಬಂದ ಕೂಡಲೇ "ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು" ಅಂತ ಮಾತ್ರ ಹೇಳುತ್ತದೆ. "ಯಾರ ಜೊತೆ ಆಡಿದೆ, ಅವರ ಹೆಸರೇನು?" ಅಂತ ಕೇಳಿ. ಎರಡು ಮೂರು ಹೆಸರು ಸರಸರ ಬಂದರೆ ಅಲ್ಲಿನ ಮಕ್ಕಳು ನಿಮ್ಮ ಮಗುವನ್ನು ಸೇರಿಸಿಕೊಂಡಿದ್ದಾರೆ.

ಸೇರಿಸಿದ ಮೇಲೂ ಮೊದಲ ನಾಲ್ಕೈದು ತಿಂಗಳು ಹಳೇ ಕ್ಲಬ್ಬಿನ ಸದಸ್ಯತ್ವ ಬಿಡಬೇಡಿ, ಹಳೇ ಕೋಚ್ ಜೊತೆಗಿನ ಮಾತುಕತೆಯನ್ನೂ ಬಿಡಬೇಡಿ. ಹೊಸ ಶಾಲೆಯ ಕೋಚ್‌ಗೆ ಇದನ್ನು ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ, ಇಬ್ಬರೂ ಒಂದು ಸಲ ಫೋನಿನಲ್ಲಿ ಮಾತಾಡಿಕೊಂಡರೆ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ಒಗೆಯುವ ಬಟ್ಟೆ ತೆಗೆಯುವಾಗ ಟೀ ಶರ್ಟ್ ಮುಟ್ಟಿ ನೋಡಿ. ನಾನು ಈಗಲೂ ನೋಡುತ್ತೇನೆ.